ಮುಳ್ಳುಸೌತೆಯ ಮೇಲಿನ ನೀಲಿ

ಕೈಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಲು ಸುಮಾರು ಆರು ತಿಂಗಳು ಬೇಕು. ತೀರ್ಥರಾಮ ಅಡಿಕೆಮರ ಹತ್ತುವುದನ್ನು ಬಿಟ್ಟ ಜುಲೈಯಲ್ಲಿ ಅವರ ಹತ್ತೂ ಉಗುರುಗಳ ಅಂಚು ನೀಲಿಯಾಗಿತ್ತು. ಮುಂದಿನ ಜನವರಿಯ ಹೊತ್ತಿಗೆ ಎಲ್ಲರ ಉಗುರಿನ ಬಣ್ಣಕ್ಕೆ ಬಂದಿತ್ತು. ಇಪ್ಪತ್ತಮೂರು ಮಳೆಗಾಲದ ಗುರುತು ಇಷ್ಟು ಬೇಗ ಹೋಯಿತೆಂದು ಹೆಂಡತಿ ಪುಷ್ಪಾವತಿಗೆ ಆಶ್ಚರ್ಯ. ಅಂಗಿಗಳ ಮೇಲಿನ ಕಲೆ ಮಾತ್ರ ಹೋಗಲಿಲ್ಲ. ಅವುಗಳಲ್ಲಿ ಒಂದನ್ನು ತರಕಾರಿ ಗದ್ದೆಯ ಬೆರ್ಚಪ್ಪ ಈಗಲೂ ತೊಟ್ಟು ನಿಂತಿದ್ದಾನೆ. ಹಕ್ಕಿಗಳು ಹೆದರುವುದಿಲ್ಲ.

ನೀಲಿ ಮೈಲುತುತ್ತದ್ದು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, ತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುತ್ತಾರೆ. ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ಇದಕ್ಕೆ ಇಲ್ಲಿನ ಮಾತು ‘ಮದ್ದು ಬಿಡುವುದು’. ಜ್ವರಕ್ಕೆ ಕುಡಿಯುವುದೂ ಮದ್ದೇ, ಅಡಿಕೆಗೆ ಬಿಡುವುದೂ ಮದ್ದೇ. ‘ವಿಷ’ ಎಂಬುದು ಬೇರೆ ಮಾತು. ಗೇರು ತೋಪುಗಳ ಮೇಲೆ ಹಿಂದೊಮ್ಮೆ ಹೆಲಿಕಾಪ್ಟರಿನಿಂದ ಸುರಿದು ಜನರನ್ನು ರೋಗಕ್ಕೆ ತಳ್ಳಿದ್ದು ವಿಷ. ಅದರ ನೆನಪಿರುವ ಊರಿನಲ್ಲಿ ಆ ಎರಡು ಪದಗಳನ್ನು ಯಾರೂ ಅದಲುಬದಲು ಮಾಡುವುದಿಲ್ಲ.

ತೀರ್ಥರಾಮ ಹುಟ್ಟಿದ್ದು ಗುತ್ತಿಗಾರಿನಲ್ಲಿ, ಕಾಡಂಚಿನ ಮನೆಯಲ್ಲಿ. ಪಾಲಿಗೆ ಬಂದ ಅರ್ಧ ಎಕರೆಯಲ್ಲಿ ಇನ್ನೂರ ಹತ್ತು ಬಾಳೆ ನೆಟ್ಟಿದ್ದರು. ಆನೆಗಳು ಒಂದೇ ವಾರದಲ್ಲಿ ನೂರ ತೊಂಬತ್ತನ್ನು ಮುಗಿಸಿದವು. ಆಮೇಲೆ ಅವರು ಮದ್ದು ಬಿಡುವ ಕೆಲಸಕ್ಕೆ ಇಳಿದರು. ಪಂಜ, ನೆಲ್ಯಾಡಿ, ಕಾಣಿಯೂರು, ಪುತ್ತೂರಿನ ಸುತ್ತಮುತ್ತ ಅವರು ಹತ್ತದ ದೊಡ್ಡ ತೋಟ ಕಡಿಮೆ. ದ್ರಾವಣ ಕಲಸುವುದರಲ್ಲಿ ಅವರದ್ದು ಎತ್ತಿದ ಕೈ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದುವುದು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ. ಕೊನೆಗೆ ರಾಳ. ಮಳೆ ಬಂದರೂ ಮದ್ದು ತೊಳೆದುಹೋಗದೆ ಕಾಯಿಗೆ ಅಂಟಿಕೊಳ್ಳುವುದು ರಾಳದಿಂದ.

ನಲವತ್ತಾರನೇ ವಯಸ್ಸಿನಲ್ಲಿ ಬಲಭುಜದ ಕೀಲು ಕೈಕೊಟ್ಟಿತು. ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ದಾಟುವ ಕೆಲಸ ಅಲ್ಲಿಗೆ ಮುಗಿಯಿತು. ಅವರು ಹಲವು ವರ್ಷ ಮದ್ದು ಬಿಟ್ಟಿದ್ದ ರಾಮಪ್ರಸಾದರ ತೋಟ ಪುತ್ತೂರು ಪೇಟೆಯಿಂದ ಏಳು ಕಿಲೋಮೀಟರ್ ದೂರದಲ್ಲಿದೆ. ತೋಟದ ಪೂರ್ವಕ್ಕೆ ಬೆಳೆ ತೆಗೆಯದೆ ಹಡಿಲು ಬಿದ್ದ ಒಂದೂವರೆ ಎಕರೆ ಗದ್ದೆ ಇತ್ತು. ರಾಮಪ್ರಸಾದರು ಅದನ್ನು ಗೇಣಿಗೆ ಕೊಟ್ಟರು.

“ನೀನು ಮಾಡುವಷ್ಟು ದಿನ ಮಾಡು. ಬಿಟ್ಟರೆ ನಾನು ಅಡಿಕೆ ಸಸಿ ಇಡುದು,” ಎಂದಿದ್ದರು.

ತರಕಾರಿಯನ್ನು ಸಂತೆಗೆ ಒಯ್ಯದೆ ಮನೆಗಳಿಗೆ ಪಾಲು ಹಾಕುವ ಯೋಚನೆ ಅನಘಾ ಅವರದು. ಪೇಟೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವರು, ತವರು ಪಂಜ. ವ್ಯವಸ್ಥೆ ಸರಳ. ಸೇರಿದ ಮನೆಯವರು ಹಂಗಾಮಿನ ಹಣ ಮೊದಲೇ ಕೊಡುತ್ತಾರೆ. ಪ್ರತಿ ಶನಿವಾರ ಕಬೀರ್ ತನ್ನ ರಿಕ್ಷಾದಲ್ಲಿ ಬುಟ್ಟಿಗಳನ್ನು ಮನೆಮನೆಗೆ ಮುಟ್ಟಿಸುತ್ತಾನೆ. ಬೆಳೆದದ್ದು ಎಲ್ಲರಿಗೂ ಸಮಪಾಲು, ಬೆಳೆಯದಿದ್ದರೆ ಅದೂ ಸಮಪಾಲು. ಹನ್ನೊಂದು ಮನೆಗಳಿಂದ ಶುರುವಾದದ್ದು ಆರನೇ ವರ್ಷಕ್ಕೆ ಮೂವತ್ತಾರಾಯಿತು. ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಗದ್ದೆಯ ಗೇಣಿ, ದಿನವೂ ಕೆಲಸಕ್ಕೆ ಬರುವ ಪಾತು ಅವರ ಸಂಬಳ ಎರಡೂ ಹುಟ್ಟುವುದಿಲ್ಲ ಎಂಬುದು ತೀರ್ಥರಾಮರಿಗೆ ಗೊತ್ತಿತ್ತು.

ಮೊದಲ ವರ್ಷ ಅನಘಾ ಒಂದು ಹಾಳೆ ಬರೆದಿದ್ದರು. “ಎಂತ ಬರೀಲಿ?” ಎಂದು ಕೇಳಿದಾಗ ತೀರ್ಥರಾಮ, “ವಿಷ ಹಾಕುದಿಲ್ಲ ಅಂತ ಬರೀರಿ,” ಎಂದರು. ಅನಘಾ ‘ಯಾವುದೇ ರಾಸಾಯನಿಕ ಬಳಸುವುದಿಲ್ಲ’ ಎಂದು ಬರೆದರು. ಬರವಣಿಗೆಯಲ್ಲಿ ಅದು ಹೆಚ್ಚು ಚೆನ್ನಾಗಿ ಕಂಡಿತ್ತು. ತೀರ್ಥರಾಮ ಓದಿ ಸಹಿ ಹಾಕಿದರು. ರಾಸಾಯನಿಕವೆಂದರೆ ಅವರ ಮಟ್ಟಿಗೆ ಗೋಣಿಯಲ್ಲಿ ಬರುವ ಯೂರಿಯಾ ಮತ್ತು ಬಾಟಲಿಯಲ್ಲಿ ಬರುವ ಕೀಟನಾಶಕ. ಅವೆರಡನ್ನೂ ಅವರು ಗದ್ದೆಗೆ ತಂದದ್ದಿಲ್ಲ. ಇಬ್ಬರೂ ಬೇರೆ ಬೇರೆ ವಾಕ್ಯಗಳನ್ನು ಒಪ್ಪಿಕೊಂಡಿದ್ದರು ಎಂಬುದು ತಿಳಿಯಲು ಆರು ವರ್ಷ ಬೇಕಾಯಿತು.

ಕಳೆದ ಜುಲೈಯಲ್ಲಿ ಹದಿನೇಳು ದಿನ ಮಳೆ ಬಿಡಲಿಲ್ಲ. ಮುಳ್ಳುಸೌತೆಯ ಒಂಬತ್ತು ಸಾಲುಗಳಲ್ಲಿ ಎಲೆಗಳ ಮೇಲೆ ಹಳದಿ ಚುಕ್ಕೆ ಕಾಣಿಸಿತು. ಎಲೆ ಮಗುಚಿದರೆ ಬೂದು ಬಣ್ಣದ ಬೂಷ್ಟು. ತೀರ್ಥರಾಮ ಮೊದಲು ಹುಳಿಮಜ್ಜಿಗೆ ಹೊಡೆದರು, ಆಮೇಲೆ ಬೂದಿ ಉದುರಿಸಿದರು. ಎರಡನ್ನೂ ಮಳೆ ತೊಳೆಯಿತು. ಹದಿನೆಂಟನೇ ತಾರೀಕು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಳೆ ಹೊಳವಾಯಿತು. ಅವರು ರಾಮಪ್ರಸಾದರ ಕೊಟ್ಟಿಗೆಯಿಂದ ತುತ್ತ ತಂದರು. ಮುಳ್ಳುಸೌತೆಯ ಎಲೆ ಎಳತು, ಅಡಿಕೆಯ ಹದ ಹಾಕಿದರೆ ಸುಡುತ್ತದೆ ಎಂದು ಲೆಕ್ಕ ಅರ್ಧ ಮಾಡಿದರು: ಇಪ್ಪತ್ತು ಲೀಟರಿಗೆ ನೂರು ಗ್ರಾಂ ತುತ್ತ, ನೂರು ಗ್ರಾಂ ಸುಣ್ಣ. ಕತ್ತಿ ಅದ್ದಿ ನೋಡಿದರು. ಕೆಂಪು ಕೂರಲಿಲ್ಲ. ಆಮೇಲೆ, ಇಪ್ಪತ್ತಮೂರು ವರ್ಷ ಮಾಡಿದಂತೆ, ಯೋಚಿಸದೆ ರಾಳ ಸೇರಿಸಿದರು.

ಶನಿವಾರ ಬೆಳಿಗ್ಗೆ ಬುಟ್ಟಿ ತುಂಬಲು ಕೂತ ಪಾತು ಒಂದು ಮುಳ್ಳುಸೌತೆಯನ್ನು ಸೆರಗಿನಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು.

“ತೀರ್ಥಣ್ಣ, ಇದಕ್ಕೆಂತ ನೀಲಿ ಹಾಕಿದ್ದು? ಮದುವೆಗೆ ಹೋಗ್ಲಿಕ್ಕುಂಟಾ ಈ ಸೌತೆಗೆ?”

“ಮದ್ದು ಬಿಟ್ಟದ್ದು. ತೊಳೆದ್ರೆ ಹೋಗ್ತದೆ.”

“ಒರೆಸಿದ್ರೆ ಹೋಗುದಿಲ್ಲ, ತೊಳೆದ್ರೆ ಹೋಗ್ತದಾ?”

“ತೊಳೀರಿ ಮಾರಾಯ್ರೆ, ಹೊತ್ತಾಯ್ತು.”

ಪಾತು ತೊಳೆದರು. ಮುಳ್ಳಿನ ಬುಡದಲ್ಲಿ ಕೂತದ್ದು ಹೋಗಲಿಲ್ಲ. ಹೊರಗೆ ಕಬೀರ್ ಹಾರ್ನ್ ಹೊಡೆಯುತ್ತಿದ್ದ. ಮೂವತ್ತಾರು ಬುಟ್ಟಿಗಳೂ ಹೋದವು.

ಸೋಮವಾರ ಅನಘಾ ಕಾಲೇಜಿನ ಪ್ರಯೋಗಾಲಯದಲ್ಲಿ, ತಮ್ಮ ಬುಟ್ಟಿಯಲ್ಲಿ ಬಂದ ಸೌತೆಯ ಮೇಲಿನ ಆ ನೀಲಿಯನ್ನು ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ತೆಗೆದು, ಅದಕ್ಕೆ ಅಮೋನಿಯಾ ಹಾಕಿದರು. ಬಣ್ಣ ಕಡುನೀಲಿಗೆ ತಿರುಗಿತು. ತಾಮ್ರವಿದ್ದರೆ ಹಾಗಾಗುತ್ತದೆ; ಪ್ರತಿ ವರ್ಷ ಮಕ್ಕಳಿಗೆ ಅವರು ಮಾಡಿಸುವ ಪರೀಕ್ಷೆಯೇ ಅದು. ಸಂಜೆ ಐದಕ್ಕೆ ಅವರ ಸ್ಕೂಟರ್ ಗದ್ದೆಯ ಬದಿಯಲ್ಲಿ ನಿಂತಿತು.

“ಸೌತೆಗೆ ಮದ್ದು ಬಿಟ್ಟದ್ದಾ?”

“ಹೌದು. ಗುರುವಾರ.” ತೀರ್ಥರಾಮ ಬೆಂಡೆ ಕೊಯ್ಯುತ್ತಿದ್ದವರು ತಲೆಯೆತ್ತಿದರು.

“ಹಾಕುದಿಲ್ಲ ಅಂತ ಸಹಿ ಮಾಡಿದ್ದು ನೀವು.”

“ವಿಷ ಹಾಕುದಿಲ್ಲ ಅಂತ. ಹಾಕ್ಲೂ ಇಲ್ಲ.”

“ತುತ್ತ ರಾಸಾಯನಿಕ ಅಲ್ವಾ?”

ತೀರ್ಥರಾಮ ಬೆಂಡೆಯನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡರು. “ನೀವು ಕಲಿಸುವವರು, ನಿಮಗೆ ಗೊತ್ತು. ಒಂದು ಮಾತು ಕೇಳ್ತೇನೆ. ಪಂಜದಲ್ಲಿ ನಿಮ್ಮಪ್ಪನ ತೋಟಕ್ಕೆ ನಾನೇ ಹತ್ತು ವರ್ಷ ಮದ್ದು ಬಿಟ್ಟದ್ದು. ಆ ಮರದಡಿಯ ಬಸಳೆ ನಿಮ್ಮಮ್ಮ ಮರುದಿನ ಕೊಯ್ತಿದ್ರು. ಅದನ್ನು ರಾಸಾಯನಿಕ ಅಂತ ಯಾರಾದ್ರೂ ಹೇಳಿದ್ದುಂಟಾ?”

ಹೇಳಿದ್ದಿರಲಿಲ್ಲ. ಎಂ.ಎಸ್ಸಿ. ಮುಗಿಸಿ ಬಂದ ಮೇಲೂ ಆ ಬಸಳೆಯನ್ನು ಅನಘಾ ತಿಂದಿದ್ದರು. ‘ನಮ್ಮದು ಸಾವಯವ’ ಎಂದು ನೆಂಟರಿಗೆ ಕಟ್ಟಿಕೊಟ್ಟೂ ಇದ್ದರು. ಕೊನೆಗೆ, ಸಾವಯವದ ನಿಯಮಗಳಲ್ಲೂ ತಾಮ್ರಕ್ಕೆ ಮಿತಿಯೊಳಗೆ ಅವಕಾಶವುಂಟು, ಹೆದರುವಂಥದ್ದೇನಲ್ಲ ಎಂದರು. “ಬೇರೆ ಯಾರೂ ಕೇಳ್ಲಿಲ್ಲ. ಸುಣ್ಣ ಅಂತ ತಿಳ್ಕೊಂಡಿರ್ಬೇಕು.”

“ನೀವು ಕೇಳಿದ್ರಲ್ಲ,” ಎಂದರು ತೀರ್ಥರಾಮ.

ಅಂದು ಸಂಜೆ ಅವರು ಮೂವತ್ತಾರು ಮನೆಗಳ ವಾಟ್ಸಾಪ್ ಗುಂಪಿಗೆ ಒಂದು ಧ್ವನಿಸಂದೇಶ ಕಳಿಸಿದರು. ಒಂದು ನಿಮಿಷ ಹತ್ತು ಸೆಕೆಂಡು. ತಾರೀಕು, ಸಾಲು, ಲೀಟರ್, ಗ್ರಾಂ ಎಲ್ಲ ಹೇಳಿ, “ಸಿಪ್ಪೆ ತೆಗೆದು ತಿನ್ನಿ. ಹೇಳದೆ ಕಳಿಸಿದ್ದು ನನ್ನ ತಪ್ಪು. ಬರುವ ವಾರ ಸೌತೆ ಇಲ್ಲ,” ಎಂದು ಮುಗಿಸಿದರು. ಮಾತಿನ ಹಿಂದೆ ಮಿಕ್ಸಿಯ ಸದ್ದು ಇತ್ತು. ಮೊದಲ ಉತ್ತರ ಬಂದದ್ದು ನಾಲ್ಕು ನಿಮಿಷದಲ್ಲಿ: ‘ಇದು ಮೋಸ.’ ಆಮೇಲೆ ಎಪ್ಪತ್ತಮೂರು ಸಂದೇಶಗಳು.

ಭಾನುವಾರ ಗದ್ದೆಯ ಶೆಡ್ಡಿನಲ್ಲಿ ಸಭೆ. ಮಳೆಯಲ್ಲೂ ಇಪ್ಪತ್ತೆಂಟು ಮನೆಯವರು ಬಂದರು. ತೀರ್ಥರಾಮ ಒಂದು ಬಕೆಟಿನಲ್ಲಿ ದ್ರಾವಣ ಕಲಸಿ ತೋರಿಸಿದರು. ಕತ್ತಿ ಅದ್ದಿ ಎತ್ತಿದರು.

ಅಂಚೆ ಇಲಾಖೆಯಿಂದ ನಿವೃತ್ತರಾದ ಸುದರ್ಶನ ಮೊದಲು ಬಾಯಿಬಿಟ್ಟರು. “ಇಷ್ಟಕ್ಕೆ ಮೀಟಿಂಗ್ ಎಂತಕೆ ಮಾರಾಯ್ರೆ? ನನ್ನ ವೀಳ್ಯದೆಲೆ ಅಡಿಕೆಮರಕ್ಕೇ ಹಬ್ಬಿದ್ದು. ಮದ್ದು ಬಿಟ್ಟ ಮರುದಿನವೂ ತಿಂದಿದ್ದೇನೆ. ನಲವತ್ತು ವರ್ಷ. ಎಂತ ಸತ್ತಿದ್ದೇನಾ?”

“ಹಲ್ಲು ಸತ್ತಿದೆಯಲ್ಲ ಪೋಸ್ಟಣ್ಣ,” ಎಂದರು ಪಾತು ಹಿಂದಿನಿಂದ.

ನಗು ಎದ್ದಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಿಶ್ಮಿತಾ ನಗಲಿಲ್ಲ. ಅವರಿಗೆ ನಾಲ್ಕು ವರ್ಷದ ಮಗಳಿದ್ದಾಳೆ.

“ನನಗೆ ತುತ್ತದ್ದು ಪ್ರಶ್ನೆ ಅಲ್ಲ,” ಎಂದರು ಅವರು. “ಗೊತ್ತಿದ್ರೆ ಸಿಪ್ಪೆ ತೆಗೀತಿದ್ದೆ. ನನ್ನ ಮಗು ಸಿಪ್ಪೆ ಸಮೇತ ಎರಡು ಸೌತೆ ತಿಂದಿದೆ. ನೀವು ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕೂಂತ ನಂಗೆ ಗೊತ್ತಾಗ್ಲಿಲ್ಲ.”

“ಅದೇ ಹೆದರಿಕೆ. ಹೇಳ್ಬೇಕೂಂತ ಗೊತ್ತಿಲ್ಲದ್ದು ನಿಮ್ಮಲ್ಲಿ ಇನ್ನೂ ಎಂತೆಲ್ಲ ಉಂಟು?”

ಕೈಯಲ್ಲಿದ್ದ ಕತ್ತಿಯನ್ನು ತೀರ್ಥರಾಮ ಒರೆಸಿ ಇಟ್ಟರು. ಮುಂದಿನ ಹಂಗಾಮಿಗೆ ಇರುತ್ತೀರೋ ಇಲ್ಲವೋ ಎಂದು ಪ್ರತಿ ಮನೆಯವರೂ ಶನಿವಾರದೊಳಗೆ ತಿಳಿಸಬೇಕೆಂದು ಅನಘಾ ಹೇಳಿದರು. ಮಳೆ ಜೋರಾಯಿತು. ಜನ ಚದುರಿದರು. ಉಳಿದ ದ್ರಾವಣವನ್ನು ತೀರ್ಥರಾಮ ರಾಮಪ್ರಸಾದರ ಕೊಟ್ಟಿಗೆಯ ಬ್ಯಾರಲಿಗೆ ಸುರಿದು ಬಂದರು.

ಸೋಮವಾರ ಅವರು ಹಳೆಯ ಪ್ಲೈವುಡ್ ಹಲಗೆಯೊಂದಕ್ಕೆ ಕಪ್ಪು ಬಣ್ಣ ಬಳಿದು ಶೆಡ್ಡಿಗೆ ತೂಗುಹಾಕಿದರು. ಮೇಲೆ ‘ಗದ್ದೆಗೆ ಬಿದ್ದದ್ದು’ ಎಂದು ಬರೆದರು. ಒಳ್ಳೆಯದು, ಕೆಟ್ಟದ್ದು, ಮದ್ದು, ವಿಷ, ರಾಸಾಯನಿಕ ಯಾವ ಪದವೂ ಬೇಡ; ಬಿದ್ದದ್ದರ ಹೆಸರು, ಎಷ್ಟು, ಎಲ್ಲಿಂದ, ಯಾವ ಸಾಲಿಗೆ. ಸಂಜೆ ಅದರ ಫೋಟೋ ತೆಗೆದು ಗುಂಪಿಗೆ ಹಾಕುವ ಕೆಲಸ ಪುಷ್ಪಾವತಿಯದು. ‘ಸೆಗಣಿ ಗೊಬ್ಬರ, ನಾಲ್ಕು ಬುಟ್ಟಿ, ರಾಮಪ್ರಸಾದರ ಹಟ್ಟಿಯಿಂದ’ ಎಂದು ಬರೆದು, ‘ಬೂದಿ, ಎರಡು ಸೇರು, ಬಚ್ಚಲೊಲೆಯದ್ದು’ ಎಂದು ಬರೆಯುವಷ್ಟರಲ್ಲಿ ಸೀಮೆಸುಣ್ಣ ನಿಂತಿತು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದರು. ಮನೆಯಲ್ಲಿ ಅವರದು ಅರೆಭಾಷೆ; ಪೇಟೆಯ ‘ಉಂಟು’ ಅಲ್ಲಿ ‘ಉಟ್ಟು’.

“ಒಲೆಗೆ ಪ್ಲಾಸ್ಟಿಕ್ ಹಾಕಿದ್ದುಟ್ಟಾ?”

ಪುಷ್ಪಾವತಿ ಯೋಚಿಸಿದರು. “ಬೆಂಕಿ ಹತ್ತದಿದ್ದರೆ ಹಾಲಿನ ತೊಟ್ಟೆ ಒಂದೊಂದು. ಮಳೆಗಾಲದಲ್ಲಿ ಮತ್ತೆಂತ ಮಾಡುದು?”

ಆರು ವರ್ಷದಿಂದ ಬೂದಿ ಆ ಒಲೆಯಿಂದಲೇ ಹೋಗುತ್ತಿತ್ತು. ತೀರ್ಥರಾಮ ಆ ಎರಡು ಸೇರನ್ನು ರಸ್ತೆಯ ಗುಂಡಿಗೆ ಸುರಿದರು. ಹಲಗೆಯ ಮೇಲೆ ಅದನ್ನೂ ಬರೆದರು: ‘ಈವರೆಗಿನ ಬೂದಿಯಲ್ಲಿ ಹಾಲಿನ ತೊಟ್ಟೆ ಸುಟ್ಟದ್ದು ಸೇರಿರಬಹುದು. ಇನ್ನು ಇಲ್ಲ.’ ಫೋಟೋ ಹೋಯಿತು. ಯಾರೂ ಏನೂ ಬರೆಯಲಿಲ್ಲ. ಮಂಗಳವಾರ ನಾಲ್ಕು ಮನೆಯವರು ಇರುವುದಿಲ್ಲವೆಂದು ತಿಳಿಸಿದರು. ಬುಧವಾರ ಮೂವರು.

ಸೌತೆಯ ಒಂಬತ್ತು ಸಾಲುಗಳಲ್ಲಿ ಆರು ಆ ವಾರ ಒಣಗಿದವು. ಮತ್ತೆ ಮದ್ದು ಬಿಟ್ಟಿದ್ದರೆ ಉಳಿಯುತ್ತಿದ್ದವು ಎಂದು ಪಾತು ದಿನಕ್ಕೆರಡು ಬಾರಿ ಹೇಳಿದರು. ಓದಲು ಬಾರದ ಪಾತುಗೆ ಹಲಗೆಯನ್ನು ದಿನವೂ ಓದಿ ಹೇಳಬೇಕಿತ್ತು.

“ನಾನು ಬೈದದ್ದೂ ಬರೀರಿ. ಅದೂ ಗದ್ದೆಗೆ ಬಿದ್ದದ್ದೇ.”

ಶುಕ್ರವಾರ ಮಧ್ಯಾಹ್ನಕ್ಕೆ ಲೆಕ್ಕ ಹೀಗಿತ್ತು: ಇರುವವರು ಇಪ್ಪತ್ತೈದು, ಬಿಟ್ಟವರು ಹತ್ತು, ಉತ್ತರ ಕೊಡದವರು ಒಬ್ಬರು. ಆ ಒಬ್ಬರು ನಿಶ್ಮಿತಾ. ಗದ್ದೆ ಉಳಿಯಲು ಅಷ್ಟು ಸಾಕಿತ್ತು. ಪುಷ್ಪಾವತಿ ಊಟಕ್ಕೆ ಹಪ್ಪಳ ಕರಿದರು.

ಮೂರು ಗಂಟೆಗೆ ತೀರ್ಥರಾಮರಿಗೆ ಪರಿಚಯದ ಸದ್ದು ಕೇಳಿಸಿತು. ಪಂಪಿನ ಸದ್ದು, ಮೇಲೆ ಸುಯ್ಯೆನ್ನುವ ತುಂತುರಿನ ಸದ್ದು. ಪಶ್ಚಿಮದ ತೋಟದಲ್ಲಿ ರಾಮಪ್ರಸಾದರು ಎರಡನೇ ಮದ್ದು ಬಿಡಿಸುತ್ತಿದ್ದರು. ಮಳೆಯಿಂದಾಗಿ ಅದು ಹತ್ತು ದಿನ ತಡವಾಗಿತ್ತು. ಈಗ ಮರ ಹತ್ತುವುದಿಲ್ಲ. ನೆಲದಲ್ಲೇ ನಿಂತು ಅರುವತ್ತು ಅಡಿ ಉದ್ದದ ಹಗುರ ಕೋಲಿನಿಂದ, ದೋಟಿಯಿಂದ, ಬಿಡುತ್ತಾರೆ. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ತೀರ್ಥರಾಮ ಓಡಿದರು.

“ಅಂಚಿನ ಮರಗಳನ್ನು ಬಿಡಿ! ಗಾಳಿ ಈಚೆ ಉಂಟು!”

ದೋಟಿಯವರು ನಿಲ್ಲಿಸಿದರು. ರಾಮಪ್ರಸಾದರು ಕೊಡೆಯಡಿಯಿಂದ ಹೊರಬಂದರು. “ಓ, ನೀನೇ ಹೇಳುದಾ ಇದನ್ನು? ನೀನು ಬಿಡುವಾಗ ಯಾವತ್ತು ಗಾಳಿ ನೋಡಿದ್ದಿ ತೀರ್ಥ?”

“ನೋಡ್ಲಿಲ್ಲ. ಆಗ ಇಲ್ಲಿ ತರಕಾರಿ ಇರ್ಲಿಲ್ಲ.”

ರಾಮಪ್ರಸಾದರು ಗದ್ದೆಯ ಕಡೆ ನೋಡಿದರು. ಅಂಚಿನ ಎರಡು ಸಾಲು ಮರಗಳಿಗೆ ಗಾಳಿ ನಿಂತ ಮೇಲೆ ಬಿಡುವುದೆಂದು ಒಪ್ಪಿದರು. ಆದರೆ ಅಷ್ಟರಲ್ಲೇ ತುಂತುರು ದಾಟಿತ್ತು. ತೀರ್ಥರಾಮ ಬೆಂಡೆಯ ಸಾಲುಗಳಲ್ಲಿ ಬಗ್ಗಿ ಎಲೆ ಎಲೆ ನೋಡಿದರು. ಮೊದಲ ಐದು ಸಾಲುಗಳಲ್ಲಿ, ಎಲೆಗೆ ಮೂರೋ ನಾಲ್ಕೋ, ಸಾಸಿವೆಗಿಂತ ಚಿಕ್ಕ ನೀಲಿ ಹನಿ. ಆರನೇ ಸಾಲಿನಲ್ಲಿ ಇರಲಿಲ್ಲ. ಅವರು ಏಳನೆಯದನ್ನೂ ನೋಡಿದರು.

ಪುಷ್ಪಾವತಿ ಫೋನ್ ಹಿಡಿದು ಹಲಗೆಯ ಮುಂದೆ ನಿಂತಿದ್ದರು. ಗಂಡ ಸೀಮೆಸುಣ್ಣ ಎತ್ತಿದಾಗ ಅವರಿಗೆ ಅರ್ಥವಾಯಿತು.

“ಇವತ್ತು ಬೇಡ. ನಾಳೆ ಸಂಜೆ ಬರೀರಿ. ಬೆಂಡೆ ನಾಳೆ ಬುಟ್ಟಿಗೆ ಹಾಕದಿದ್ದರಾಯ್ತಲ್ಲ. ಯಾರಿಗೂ ಗೊತ್ತಿಲ್ಲೆ.”

“ನಂಗೆ ಗೊತ್ತುಟ್ಟಲ್ಲ.”

“ಆ ಇಪ್ಪತ್ತೈದರಲ್ಲಿ ಒಬ್ಬರು ಬಿಟ್ಟರೂ ಹೋಯ್ತು.”

“ಹೂಂ,” ಎಂದರು ತೀರ್ಥರಾಮ. ಆ ಲೆಕ್ಕ ಅವರಿಗೂ ಬರುತ್ತಿತ್ತು. ಅವರು ಬರೆದರು: ‘ಪಕ್ಕದ ತೋಟದಿಂದ ತುತ್ತ-ಸುಣ್ಣದ ತುಂತುರು, ಮಧ್ಯಾಹ್ನ ಮೂರಕ್ಕೆ, ಗಾಳಿಗೆ ಬಂದದ್ದು. ಬೆಂಡೆಯ ಒಂದರಿಂದ ಐದನೇ ಸಾಲು. ಹಿಂದಿನ ಐದು ವರ್ಷವೂ ಹೀಗೆ ಬಂದಿರಬೇಕು. ನಾನು ನೋಡಿರಲಿಲ್ಲ.’

ಕೊನೆಯ ಎರಡು ವಾಕ್ಯಗಳನ್ನು ಪುಷ್ಪಾವತಿ ಎರಡು ಸಲ ಓದಿದರು. ಆಮೇಲೆ ಫೋಟೋ ತೆಗೆದರು. ಅಕ್ಷರ ಮಸುಕಾಗಿತ್ತು. ಒಂದು ಕ್ಷಣ ಅದನ್ನೇ ಕಳಿಸುವ ಯೋಚನೆ ಬಂದಿರಬಹುದು. ಇನ್ನೊಂದು ತೆಗೆದು ಕಳಿಸಿದರು.

ಏಳು ಗಂಟೆಗೆ ಒಂದು ಮನೆಯವರು ಬಿಟ್ಟರು. ಇಪ್ಪತ್ತನಾಲ್ಕು.

ಶನಿವಾರ ಬೆಳಿಗ್ಗೆ ಆರೂವರೆಗೆ ಕೊಯ್ಲು ಶುರುವಾಯಿತು. ಬೆಂಡೆಯ ಆರನೇ ಸಾಲಿನಿಂದಾಚೆ ಕೊಯ್ದರು. ಮೊದಲ ಐದು ಸಾಲಿನದ್ದನ್ನು ಪಾತು ಕೊಯ್ದು ಬದಿಗೆ ರಾಶಿ ಹಾಕಿದರು. ಅಲಸಂಡೆ, ಹೀರೆ, ಪಡುವಲ, ಕೆಸುವಿನ ಎಲೆ, ಮೂರು ಸಾಲಿನಲ್ಲಿ ಉಳಿದಿದ್ದ ಹನ್ನೆರಡು ಮುಳ್ಳುಸೌತೆ. ಹಂಗಾಮು ಮುಗಿಯಲು ಇನ್ನೂ ಆರು ವಾರ ಇತ್ತು; ಅಲ್ಲಿಯವರೆಗೆ ಬಿಟ್ಟವರಿಗೂ ಬುಟ್ಟಿ ಹೋಗಬೇಕು, ಹಣ ಕೊಟ್ಟವರಲ್ಲವೇ? ಹಾಗಾಗಿ ಮೂವತ್ತಾರು ಬುಟ್ಟಿಗಳನ್ನೂ ಸಾಲಾಗಿ ಇಟ್ಟಿದ್ದರು.

ಎಂಟು ಗಂಟೆ ಐದು ನಿಮಿಷಕ್ಕೆ ಪುಷ್ಪಾವತಿಯ ಫೋನ್ ಸದ್ದು ಮಾಡಿತು. ಅವರು ಓದಿ ಗಂಡನ ಕೈಗೆ ಕೊಟ್ಟರು. ನಿಶ್ಮಿತಾ ಬರೆದಿದ್ದರು.

‘ಬೋರ್ಡ್ ನೋಡಿದೆ. ನಮಗೆ ಬೆಂಡೆ ಬೇಡ, ಆರನೇ ಸಾಲಿನದ್ದೂ ಬೇಡ. ಬೇರೆ ಎಂತ ಉಂಟೋ ಕಳಿಸಿ. ಮುಂದಿನ ಹಂಗಾಮಿಗೆ ಇರ್ತೇವೆ. ಅದರ ನಂತರದ್ದು ಆಮೇಲೆ ನೋಡುವ.’

ತೀರ್ಥರಾಮ ಎರಡು ಸಲ ಓದಿದರು. ಫೋನನ್ನು ಹಿಂದಿರುಗಿಸಿ, ನಿಶ್ಮಿತಾ ಅವರ ಹದಿನಾಲ್ಕನೇ ನಂಬರಿನ ಬುಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೆಂಡೆಕಾಯಿಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಅರ್ಧ ಕಿಲೋ ಇದ್ದುದರಿಂದ ಅರ್ಧ ಕಿಲೋ ಅಲಸಂಡೆ ತೂಗಿ ಹಾಕಿದರು.

“ಎಂತ ಬರೆದಿದ್ದಾರೆ?” ಎಂದು ಕೇಳಿದರು ಪಾತು.

“ಅವರಿಗೆ ಬೆಂಡೆ ಬೇಡವಂತೆ.”

“ಅಷ್ಟೆಯಾ?” ಪಾತು ಅವರ ಮುಖವನ್ನೇ ನೋಡಿದರು. “ಬೆಂಡೆ ಬೇಡ ಅಂದದ್ದಕ್ಕೆ ಇಷ್ಟು ಖುಷಿಪಡುವ ಕೃಷಿಕನನ್ನು ನಾನು ಎಲ್ಲಿಯೂ ನೋಡಲಿಲ್ಲಪ್ಪ.”

ಹೊರಗೆ ಕಬೀರ್ ಹಾರ್ನ್ ಹೊಡೆದ.